ಮನೆಯಲ್ಲಿ ಯಾರಿದ್ದಾರೆ?

ಓಕ್ಲ್ಯಾಂಡ್, ಆಸ್ಪತ್ರೆಯ ಮೂರನೇ ಮಹಡಿ
ಗುರುವಾರ, 14 ಅಕ್ಟೋಬರ್ 1999

ನನ್ನ ಹಡಗಿನ ಯಜಮಾನರೇ,

ಹೇಗಿದ್ದೀರಿ? ವಾಂತಿ ನಿಂತಿತೇ? ಹಾಸನದ ಬಸ್ಸು ಹತ್ತಿದರೇ ನಿಂಬೆಹಣ್ಣು ಮೂಸುತ್ತಿದ್ದ ಗಂಡಸು ಅಮೆರಿಕದ ನೌಕಾಪಡೆ ಸೇರಿದ್ದು ನೆನೆದರೆ ಈಗಲೂ ನಗು ಬರುತ್ತದೆ. ನಗಬಾರದು, ಹೊಲಿಗೆ ಎಳೆಯುತ್ತದೆ.

ಗಾಬರಿಯಾಗಬೇಡಿ, ಮಗಳು ನಿಸರ್ಗಾ ಗುಂಡುಕಲ್ಲಿನ ಹಾಗಿದ್ದಾಳೆ. ಮತ್ತೆ ಆಸ್ಪತ್ರೆ ಸೇರಿರುವುದು ನಾನು. ಸಿಸೇರಿಯನ್ ಆಗಿ ಹದಿನೆಂಟು ದಿನ, ಅಷ್ಟರಲ್ಲಿ ವಾಪಸ್ ಬಂದದ್ದು ಇದು ಎರಡನೇ ಸಲ. ಹೊಲಿಗೆ ಕೀವಾಗಿ ಜ್ವರ ನೂರಾಮೂರು. ಕೂಸು ಪಕ್ಕದ ಅಪಾರ್ಟ್‌ಮೆಂಟಿನ ಜಲಜಾ ಹತ್ತಿರ ಇದೆ. ಪಾಪ, ಅವಳಿಗೆ ಕಂಪನಿಯ ವೆಬ್‌ಸೈಟಿನ ಗಡಿಬಿಡಿ. "ಫ್ರೈಡೇವರೆಗೂ ಹೇಗೋ ಮ್ಯಾನೇಜ್ ಮಾಡ್ತೀನಿ ಕಣೇ, ಆಮೇಲೆ ಲಾಂಚು" ಅಂದಿದ್ದಾಳೆ. ನಾಳೆಯೇ ಶುಕ್ರವಾರ. ಮಲಗಿದರೆ ನಿದ್ದೆಯಿಲ್ಲ, ಎದ್ದರೆ ತಲೆ ಸುತ್ತುತ್ತದೆ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿದೆ. ಹೊರಗೆ ಯಾರ ಮಗು ಅತ್ತರೂ ದಡಕ್ಕನೆ ಎದ್ದು ಕೂರುತ್ತೇನೆ.

ಈಗ ಬೈಯಿರಿ. ಅಮ್ಮ ಬಂದಿದ್ದಾಳೆ, ಸಬ್ಬಸಿಗೆ ಸಾರು ಮಾಡಿ ಹಾಕುತ್ತಿದ್ದಾಳೆ ಎಂದೆಲ್ಲ ಬರೆದಿದ್ದೆನಲ್ಲ, ಅದು ಸುಳ್ಳು. ಅಮ್ಮನಿಗೆ ವೀಸಾ ಸಿಗಲೇ ಇಲ್ಲ. ನೀವು ಅಲ್ಲಿ ನೆಮ್ಮದಿಯಾಗಿರಲಿ ಅಂತ ಹಾಗೆ ಬರೆದೆ. ಮನೆಗೆ ಕಳಿಸುವಾಗ ನರ್ಸು "ಮನೆಯಲ್ಲಿ ಯಾರಿದ್ದಾರೆ?" ಎಂದು ಎರಡು ಸಲವೂ ಕೇಳಿದಳು, ಎರಡು ಸಲವೂ ಅಮ್ಮ ಇದ್ದಾಳೆ ಎಂದೆ. ನಮ್ಮ ಕಡೆ ಹಸು ಕರು ಹಾಕಿದರೂ ನಾಲ್ಕು ಜನ ನಿಲ್ಲುತ್ತಾರೆ. ಬಾಣಂತಿಗೆ ಒಂದು ಲೋಟ ಬಿಸಿನೀರು ಕೊಡುವವರಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಭಾರ ಎತ್ತಬೇಡ ಎಂದು ಹೇಳಿ ಕಳಿಸಿದರು. ನಾನು ಬಟ್ಟೆಯ ಬುಟ್ಟಿ ಹೊತ್ತು ಎರಡು ಮಹಡಿ ಇಳಿದೆ, ಹತ್ತಿದೆ. ಕೇಳಿದರೆ ನೀವು ಏನನ್ನುತ್ತೀರಿ ಗೊತ್ತು, "ನೀನು ಗಟ್ಟಿಗಿತ್ತಿ ಲಾಸ್ಯಾ." ಆ ಮಾತು ಕೇಳಿ ಕೇಳಿ ಸಾಕಾಗಿದೆ. ನನಗೆ ಭಯವಾಗುತ್ತಿದೆ, ರೀ.

ಊರಲ್ಲಿರುವ ನಿಮ್ಮ ಅಮ್ಮನಿಗೆ ಇದೊಂದನ್ನೂ ತಿಳಿಸಬೇಡಿ, ಊರೆಲ್ಲ ಹರಕೆ ಹೊರುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಬೇಲೂರಿನ ಚೆನ್ನಿಗರಾಯ ನಿಮ್ಮನ್ನೂ ಹಡಗನ್ನೂ ಕಾಯಲಿ.

ನಿಮ್ಮ ಸುಳ್ಳುಬುರುಕಿ,
ಲಾಸ್ಯಾ

ತಾ.ಕ.: ನರ್ಸು ಈಗಷ್ಟೇ ಬಂದಿದ್ದಳು. ಈ ಸಲ ಯಾರೂ ಇಲ್ಲ ಅಂದೆ, ಅತ್ತೂಬಿಟ್ಟೆ. ನಿಮ್ಮನ್ನು ಕಳಿಸಿಕೊಡಿ ಎಂದು, ಸೈನಿಕರಿಗೆ ಮನೆಯ ತುರ್ತು ಸುದ್ದಿ ಮುಟ್ಟಿಸುವ ರೆಡ್ ಕ್ರಾಸಿನವರಿಂದ ನಿಮ್ಮ ಕ್ಯಾಪ್ಟನ್‌ಗೆ ಸುದ್ದಿ ಹೋಗುತ್ತದಂತೆ, ಈ ಕಾಗದಕ್ಕಿಂತ ಮೊದಲೇ. ಇದನ್ನು ನೀವು ಹಡಗಿನಲ್ಲೇ ಕೂತು ಓದುತ್ತಿದ್ದರೆ, "ಮನೆಯಲ್ಲಿ ಹೆಂಡತಿಯ ಅಮ್ಮ ಇದ್ದಾರೆ ಸರ್, ರಜೆ ಬೇಡ" ಎಂದು ನನ್ನ ಸುಳ್ಳನ್ನೇ ಅವರಿಗೆ ಒಪ್ಪಿಸಿದ್ದೀರಿ ಅಂತ ಅರ್ಥ. ಕಾಗದ ಮಡಚಿಡಿ, ಓಡಿಹೋಗಿ ನಿಜ ಹೇಳಿ.