ಹಲಗೆಯ ಮೇಲೆ ನಗುತ್ತಿರುವವಳು ನನ್ನ ದೊಡ್ಡವ್ವ

ಕಾಡಿನ ಬಾಗಿಲು ಕಾಯುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಸಂರಕ್ಷಿತ ಅರಣ್ಯದ ಟಿಕೆಟ್ ಕಿಟಕಿಯ ಪಕ್ಕದ ಹಲಗೆಯ ಮೇಲೆ ಒಬ್ಬ ಹೆಂಗಸಿನ ಫೋಟೋ ಅಂಟಿಸಿದ್ದೀರಿ. ಮೇಲೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಕೆಂಪಕ್ಷರದಲ್ಲಿ, 'ಇವರು ಕಾಡಿನ ಅಪರಾಧಿಗಳು, ಇವರಂತೆ ಮಾಡಬೇಡಿ' ಎಂದು ಬರೆಸಿದ್ದೀರಿ. ತಲೆಯ ಮೇಲೆ ಸೆರಗು ಹೊದ್ದು, ಹಲ್ಲು ಕಾಣುವಂತೆ ನಗುತ್ತಿರುವ ಆ ಅಪರಾಧಿ ನನ್ನ ದೊಡ್ಡವ್ವ ಸುಂದ್ರವ್ವ. ಆ ಫೋಟೋ ತೆಗೆಯಿರಿ ಎಂದು ಕೇಳಲು ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ. ನಿಮ್ಮ ಕಚೇರಿಗೇ ಬಂದು ಕೇಳಿದ್ದೆ. ಹೋದಾಗಲೆಲ್ಲ ಸಾಹೇಬರು ರೌಂಡ್‌ಗೆ ಹೋಗಿದ್ದಾರೆ ಎಂದರು. ಅಷ್ಟು ದೊಡ್ಡ ಕಾಡು, ಸುತ್ತಿ ಬರಲು ಹೊತ್ತಾಗುತ್ತದೆ. ಒಪ್ಪುತ್ತೇನೆ.

ನಿಮ್ಮ ನಿಯಮದ ಮೇಲೆ ನನಗೆ ತಕರಾರಿಲ್ಲ. ಕಾಡಿನ ಪ್ರಾಣಿಗಳಿಗೆ ಮನುಷ್ಯರ ಅನ್ನದ ರುಚಿ ಹತ್ತಿಸಬಾರದು. ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಜೋಗೇಶ್ವರಿಯ ಪ್ಲಾಸ್ಟಿಕ್ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾ, ಊಟದ ಬಿಡುವಿನಲ್ಲಿ ಕರಪತ್ರಗಳನ್ನು ಓದಿ ಕಲಿತದ್ದು. ಮರ ಕಡಿಯಬೇಡಿ ಎಂದು ರಸ್ತೆಯ ಬದಿ ನಿಂತು ಕೂಗಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಪತ್ರವನ್ನು ಕಾಡಿನ ವೈರಿ ಬರೆದದ್ದೆಂದು ಪಕ್ಕಕ್ಕಿಡಬೇಡಿ.

ನಡೆದದ್ದು ಇಷ್ಟು. ನಿಮ್ಮ ಇಲಾಖೆಯೇ ಏರ್ಪಡಿಸುವ ಅರ್ಧ ದಿನದ ಶಿಖರ ನಡಿಗೆಗೆ ದೊಡ್ಡವ್ವನನ್ನು ಕರೆದುಕೊಂಡು ಬಂದವಳು ನಾನು. ಬೆಳಗ್ಗೆ ಹತ್ತಿ ಮಧ್ಯಾಹ್ನದೊಳಗೆ ಇಳಿಯುವ ನಡಿಗೆ ಅದು. ಅಂದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ನಮ್ಮ ವಿಜಾಪುರದ ಕಡೆ ಅವತ್ತು ಹೊಲಕ್ಕೆ ಹೋಗಿ, ಉಣ್ಣುವ ಮೊದಲು ನಾಲ್ಕೂ ದಿಕ್ಕಿಗೆ ಅನ್ನ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಭೂಮಿಗೆ ಮೊದಲ ತುತ್ತು, ಆಮೇಲೆ ನಮಗೆ. ಮುಂಬಯಿಗೆ ಬಂದಂದಿನಿಂದ ದೊಡ್ಡವ್ವ ಚಾಳದ ತುಳಸಿ ಕುಂಡದ ಸುತ್ತ ನಾಲ್ಕು ಅಗುಳು ಹಾಕಿ ಮುಗಿಸುತ್ತಿದ್ದಳು.

ತುದಿ ತಲುಪಿದಾಗ ಅವಳು ಪವಾಯಿಯ ಕೆರೆ ನೋಡಲಿಲ್ಲ, ಅದರ ದಂಡೆಯ ಕಟ್ಟಡಗಳನ್ನು ನೋಡಿದಳು. "ಆ ಉದ್ದನ ಬಿಲ್ಡಿಂಗ್ ನೋಡು ಶಿವಿ. ಅದರ ಅರ್ಧಮಟ ಸಿಮೆಂಟ್ ನಾ ಹೊತ್ತೀನಿ. ಮ್ಯಾಲಿಂದು ಲಿಫ್ಟ್ ಹೊತ್ತದ." ಆಮೇಲೆ ಕಾಲಡಿ ನೋಡಿದಳು. ಚಪ್ಪಲಿ ಬಿಟ್ಟಳು. "ಇಲ್ಲಿ ಬರೇ ಮಣ್ಣದ. ನೀರ ಹಿಡಕೊಂಡು ಹಿಂದ ಬಾ," ಎಂದು ಬುತ್ತಿ ಬಿಚ್ಚಿದಳು.

ಮಾನ್ಯರೇ, ಇಲ್ಲಿ ನಿಮ್ಮ ಹಲಗೆ ತಪ್ಪಿದೆ. ಚರಗವನ್ನು ಒಬ್ಬರೇ ಚೆಲ್ಲುವುದಿಲ್ಲ. ಮುಂದಿನವರು 'ಹುಲ್ಲುಲ್ಲಿಗೋ' ಎಂದು ಕೂಗಿ ಅನ್ನ ಎರಚಿದರೆ, ಹಿಂದಿನವರು 'ಚೆಲ್ಲಂಬ್ರಿಗೋ' ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಅವಳು ಕೂಗಿದಳು, ನಾನು ಓಗೊಟ್ಟೆ. ನಿಯಮ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ಅಗುಳಿನಿಂದ ಏನಾಗುತ್ತದೆ ಎಂದುಕೊಂಡೆ. ಕಾಡಿಗೆ ಬಂದು ಕೋತಿಗೆ ಬೋಂಡ ತಿನ್ನಿಸುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ ಎಂದು ಊರಿಗೆಲ್ಲ ಭಾಷಣ ಮಾಡುವವಳು ನಾನು. ಮೂರನೆಯ ದಿಕ್ಕಿಗೆ ತಿರುಗುವಷ್ಟರಲ್ಲಿ ಬಂಡೆಯ ಮೇಲಿಂದ ಕೋತಿಗಳು ಇಳಿದವು.

ನಿಮ್ಮ ಸ್ವಯಂಸೇವಕ ಸುಹಾಸ ಓಡಿ ಬಂದ. ಗೋರೆಗಾಂವಿನಲ್ಲಿ ಹೋಟೆಲ್ ಇಟ್ಟ ಉಡುಪಿಯವರ ಮಗ, ಒಳ್ಳೆಯ ಹುಡುಗ. ನಾವು ಕನ್ನಡದವರೆಂದು ತಿಳಿದು ಅರ್ಧ ಸಿಟ್ಟು ಇಳಿಸಿದ. ನನ್ನನ್ನು ಪಕ್ಕಕ್ಕೆ ಕರೆದು, "ಇದು ಅಲೌಡ್ ಇಲ್ಲ ಮಾರಾಯ್ತಿ. ಫೈನ್ ಉಂಟು. ಫೋಟೋ ಕೂಡ ಹಾಕ್ತಾರೆ, ಊಪರ್ ಸೆ ಆರ್ಡರ್ ಹೈ, ಮೇಲಿನವರ ಆರ್ಡರ್," ಎಂದ. ಮೊಬೈಲ್ ಹಿಡಿದು ಅವಳ ಕಡೆ ತಿರುಗಿದ. "ಆಂಟಿ, ಒಂದು ಫೋಟೋ."

"ನಂದಾ? ತಡಿಯಪಾ," ಎಂದು ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. "ಈ ಮುದುಕಿ ಮಾರಿ ಯಾರ ನೋಡ್ತಾರೋ."

"ಎಲ್ಲರೂ ನೋಡ್ತಾರೆ ಆಂಟಿ," ಎಂದ ಸುಹಾಸ, ಅವಳ ಮುಖ ನೋಡದೆ. ಆಮೇಲೆ ನನಗೆ, "ನೀನು ಸ್ವಲ್ಪ ಸೈಡ್‌ಗೆ ಹೋಗು. ಫ್ರೇಮಲ್ಲಿ ಬರ್ತಿದ್ದಿ."

ನಾನು ಸೈಡ್‌ಗೆ ಹೋದೆ.

ಅದೇ ಹೊತ್ತಿಗೆ ತುದಿಯ ಆಚೆ ಬದಿಯಲ್ಲಿ ಯಾವುದೋ ಕಂಪನಿಯವರು ಮೇಜು ಹಾಕಿ, ಸ್ಪೀಕರ್ ಹಚ್ಚಿ ಕೇಕ್ ಕತ್ತರಿಸುತ್ತಿದ್ದರು. ನಮ್ಮ ಅನ್ನಕ್ಕೆ ಇಳಿದ ಕೋತಿಗಳು ಆಮೇಲೆ ಹೋದದ್ದು ಅಲ್ಲಿಗೇ. ಅವರ ಫೋಟೋ ನಿಮ್ಮ ಹಲಗೆಯ ಮೇಲಿಲ್ಲ. ಗೇಟಿನವರನ್ನು ಕೇಳಿದರೆ, ಅವರಿಗೆ ಅನುಮತಿ ಇತ್ತು ಎಂದರು. ಅನುಮತಿ ಪಡೆದ ಕೇಕು ಕೋತಿಯ ಹೊಟ್ಟೆಗೆ ಸೇರಿದರೆ ಅದು ಆಹಾರವಲ್ಲವೇ? ಭೂಮಿಗೆಂದು ಹಾಕಿದ ಅನ್ನ ಅಪರಾಧ, ಎಸೆದುಬಿಟ್ಟ ಕೇಕು ಕಾರ್ಯಕ್ರಮ. ಈ ವ್ಯತ್ಯಾಸ ತಿಳಿಸುವ ಕರಪತ್ರ ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ. ನಾನು ಎಲ್ಲವನ್ನೂ ಓದುತ್ತೇನೆ.

ಅಂದು ದಂಡವನ್ನು ಗೇಟಿನಲ್ಲಿ ನಾನೇ ಕಟ್ಟಿದೆ. ಅವಳಿಗೆ ಹೇಳಲಿಲ್ಲ. ಹಬ್ಬ ಕೆಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಭಾನುವಾರ ದೊಡ್ಡವ್ವ ನನ್ನ ಜೊತೆ ಮತ್ತೆ ಹೊರಟಳು, ಪಕ್ಕದ ಖೋಲಿಯ ಲಕ್ಷ್ಮವ್ವನನ್ನೂ ಎಬ್ಬಿಸಿಕೊಂಡು. ಗೇಟಿನಲ್ಲಿ ತನ್ನದೇ ಮುಖ ಕಂಡು ನಿಂತುಬಿಟ್ಟಳು.

"ನೋಡವಾ ಲಕ್ಷ್ಮವ್ವ. ನಿನ್ನ ಫೋಟೋ ಆಧಾರ್ ಕಾರ್ಡ್ ಬಿಟ್ರ ಎಲ್ಲೆರೆ ಅದ ಏನು?"

"ಅದರಾಗ ನಾ ಕಳ್ಳಿ ಕಂಡಂಗ ಕಾಣ್ತೀನಿ ಬಿಡು," ಎಂದಳು ಲಕ್ಷ್ಮವ್ವ. "ನೀ ಚಂದ ಬಂದೀದಿ."

ಹಿಂದೆ ಸಾಲಿನಲ್ಲಿದ್ದವರು ಹಲಗೆ ಓದಿ, ಅವಳನ್ನು ನೋಡಿ, ಮುಖ ತಿರುಗಿಸಿದರು. ದೊಡ್ಡವ್ವ ನನ್ನ ತೋಳು ಹಿಡಿದಳು. "ಏನಂತ ಬರದಾರ, ಓದು."

'ಬೆಟ್ಟ ಹತ್ತಿದ ಹಿರಿಯರು' ಎಂದು ಓದಿದೆ. ಮೂರು ಭಾಷೆ ಓದಬಲ್ಲೆ ಎಂಬ ಜಂಬ ನನಗಿತ್ತು, ಮಾನ್ಯರೇ. ಅವತ್ತಿಗೆ ಮುಗಿಯಿತು.

ನಾಚಿಸಿ ಬುದ್ಧಿ ಕಲಿಸುವುದು ನಿಮ್ಮ ನೀತಿಯಾದರೆ ಅದು ಫಲ ಕೊಟ್ಟಿದೆ. ಆದರೆ ನಾಚಿಕೊಂಡವಳು ಹಲಗೆಯ ಮೇಲಿಲ್ಲ. ಹಲಗೆಯ ಮೇಲಿರುವವಳು ಈಗಲೂ ನಗುತ್ತಿದ್ದಾಳೆ. ಓದಲು ಬಾರದವರನ್ನು ಅಕ್ಷರದ ಕೆಳಗೆ ನಿಲ್ಲಿಸಿ ನಗಿಸುವುದರಿಂದ ಯಾವ ಚಿರತೆಗೆ, ಯಾವ ಮರಕ್ಕೆ ಒಳಿತಾಯಿತು? ಬೆಟ್ಟ ಹತ್ತುವ ಮೊದಲು ಅವಳ ಭಾಷೆಯಲ್ಲಿ ಒಂದು ಮಾತು ಹೇಳಿದ್ದರೆ ಅವಳು ಬುತ್ತಿಯ ಗಂಟು ಬಿಚ್ಚುತ್ತಿರಲಿಲ್ಲ. ಆ ಮಾತು ನೀವು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈ ಭಾನುವಾರ ಅವಳು ಚಾಳದ ಹೆಂಗಸರನ್ನೆಲ್ಲ ಫೋಟೋ ತೋರಿಸಲು ಕರೆತರುತ್ತೇನೆ ಎಂದಿದ್ದಾಳೆ. ಈ ಪತ್ರ ಅಚ್ಚಾದ ದಿನ, ಬೇರೆ ಯಾರಾದರೂ ಓದಿ ಹೇಳುವ ಮೊದಲು, ನಾನೇ ಅವಳಿಗೆ ಓದಿ ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನೊಡನೆ ಮಾತಾಡುತ್ತಾಳೋ, ಬೆಟ್ಟಕ್ಕೆ ಬರುತ್ತಾಳೋ ತಿಳಿಯದು. ಬಂದರೆ ಆ ಹಲಗೆಯ ಮೇಲೆ ಒಂದೋ ಇಬ್ಬರಿರಬೇಕು, ಇಲ್ಲವೇ ಯಾರೂ ಇರಬಾರದು. ಇಷ್ಟೇ ನನ್ನ ಬೇಡಿಕೆ. ನಿಮಗೆ ಸುಲಭವಾಗಲೆಂದು ನನ್ನ ಫೋಟೋವನ್ನು ಈ ಪತ್ರದ ಪ್ರತಿಯೊಂದಿಗೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಅದರಲ್ಲಿ ನಾನು ನಗುತ್ತಿಲ್ಲ. ಅದರ ಮೇಲುಗಡೆ ಏನು ಬರೆಯುತ್ತಾರೆಂದು ನನಗೆ ಗೊತ್ತು.

ಇಂತಿ,
ನಿಮ್ಮ ಹಲಗೆಯ ಫೋಟೋದ ಬಲ ಅಂಚಿನಲ್ಲಿ
ನೀರಿನ ಬಾಟಲಿ ಹಿಡಿದ ಕೈಯವಳು,
ಶಿವಕುಮಾರಿ, ಜೋಗೇಶ್ವರಿ