ಹದಿನೇಳನೆಯ ಚುಕ್ಕೆ

ಸಿಸ್ತ್ರಾಂದಾ, ಫ್ರೋಯಾ ದ್ವೀಪ
ನವೆಂಬರ್ ೧೪, ಗುರುವಾರ

ಪ್ರೀತಿಯ ಹಾಲ್ವಾರ್ಡ್,

ಹೇಗಿದ್ದೀಯ ಮಗನೇ? ಎಡಭುಜದ ನೋವು ಕಡಿಮೆಯಾಯಿತೇ? ಅಷ್ಟು ಉತ್ತರದ ಹವಾಮಾನ ಕೇಂದ್ರದಲ್ಲಿ ಜನರೇಟರ್ ರಿಪೇರಿ ಮಾಡಲು ಹದಿನೆಂಟು ಜನರಲ್ಲಿ ನಿನ್ನೊಬ್ಬನ ಭುಜವೇ ಬೇಕಾ ಎಂದು ನಾನು ದಿನಾ ಗೊಣಗುತ್ತೇನೆ. ಉಣ್ಣೆಯ ಒಳಂಗಿ ಹಾಕಿಕೋ. ಊಟಕ್ಕೆ ತೊಂದರೆಯಿಲ್ಲ ಎಂದು ನೀನು ಫೋನಿನಲ್ಲಿ ಹೇಳುತ್ತೀಯ, ಆದರೆ ನಿನ್ನ ಮಾತನ್ನು ನಾನು ಅರ್ಧವೇ ನಂಬುವುದು. ನನ್ನ ಮಂಡಿ ಪರವಾಗಿಲ್ಲ, ದೋಣಿ ಹತ್ತುವಾಗ ಮಾತ್ರ ಶಾಪ ಹಾಕುತ್ತದೆ. ಮುಂದಿನ ವಾರ ನಿಮ್ಮಲ್ಲಿಗೆ ವಿಮಾನ ಹೋಗುತ್ತದಂತೆ, ಅದಕ್ಕೇ ಈ ಕಾಗದ. ಮೊಬೈಲಿನಲ್ಲಿ ಇಷ್ಟುದ್ದ ಬರೆದರೆ ನನ್ನ ಬೆರಳು ಒಂದಕ್ಷರ ಒತ್ತಲು ಹೋಗಿ ಮೂರು ಒತ್ತುತ್ತದೆ, ನಿನಗೇ ಗೊತ್ತು.

ಬೆರ್ಗೆನ್ನಿಗೆ ಹೋಗಿ ಬಂದೆ. ನಿನ್ನ ಅಕ್ಕನ ಜನರ ಸಭೆಗೆ. ಅಕ್ಕನ ಜನ ಎಂದರೆ ಆರ್ಸೆನಿಕ್ ಇದೆಯೇ ಎಂದು ಕೇಳಿ ಸುಮ್ಮನಾಗದೆ, ಇದ್ದರೆ ಯಾವ ರೂಪದಲ್ಲಿದೆ ಎಂದು ಜಗಳಕ್ಕೆ ನಿಲ್ಲುವವರು. ಸುನ್ನಿವಾ ಹತ್ತು ವರ್ಷದಿಂದ ಇದೇ ಮಾಡುತ್ತಿದ್ದಾಳೆ, ನೀನು ಅವಳನ್ನು ಬಾಟಲಿ ತೊಳೆಯುವವಳು ಎಂದು ಹತ್ತು ವರ್ಷದಿಂದ ಕಾಡುತ್ತಿದ್ದೀಯ. ಮೊದಲೆಲ್ಲ ಒಟ್ಟು ಎಷ್ಟಿದೆ ಎಂದಷ್ಟೇ ಅಳೆಯುತ್ತಿದ್ದರು, ನಮ್ಮ ಕಡಲಪಾಚಿಯ ಲೆಕ್ಕ ನೋಡಿ ಎಲ್ಲರೂ ಹೌಹಾರುತ್ತಿದ್ದರು. ಅದರಲ್ಲಿ ಬಹುಪಾಲು ಪಾಚಿಯ ಸಕ್ಕರೆಗೆ ಅಂಟಿಕೊಂಡಿರುವ ಸಾಧು ರೂಪ. ಯಾವುದಕ್ಕೂ ಅಂಟಿಕೊಳ್ಳದ ಬರಿಮೈಯ ರೂಪ ಎರಡಿವೆ, ಅವೇ ವಿಷ. ಈಗ ಅಕ್ಕಿ, ಮೀನು, ಮಕ್ಕಳ ಗಂಜಿ ಎಲ್ಲದರಲ್ಲೂ ಆ ಎರಡು ಎಷ್ಟಿವೆ ಎಂದೇ ಕಾನೂನು ಕೇಳತೊಡಗಿದೆ. ಹಾಗಾಗಿ ಇವರಿಗೆ ಕೈತುಂಬ ಕೆಲಸ.

ನಾನು ಯಾಕೆ ಹೋದೆ ಎಂದರೆ, ಈ ಸಲದ ಪರೀಕ್ಷೆಯ ಪುಡಿ ನನ್ನದು. ಹೌದು, ನಮ್ಮ ಕೊಲ್ಲಿಯದೇ ಪಾಚಿ, ಆ ಬೆರಳು ಬೆರಳಾಗಿ ಸೀಳಿಕೊಂಡಿರುವ ಜಾತಿ. ಅದರಲ್ಲಿ ಕೆಟ್ಟ ರೂಪ ಸ್ವಲ್ಪ ಹೆಚ್ಚಂತೆ, ಪರೀಕ್ಷೆಗೆ ಅದೇ ಬೇಕಂತೆ. ಮೂವತ್ತು ಕಿಲೋ ಒಣಗಿಸಿ ಕೊಟ್ಟೆ. ಅದನ್ನು ಬೀಸಿ, ಚೆನ್ನಾಗಿ ಬೆರೆಸಿ, ಸಣ್ಣ ಬಾಟಲಿಗಳಲ್ಲಿ ತುಂಬಿ ಯುರೋಪಿನ ಇಪ್ಪತ್ತಾರು ಪ್ರಯೋಗಾಲಯಗಳಿಗೆ ಕಳಿಸಿದರು. ಎಲ್ಲರೂ ಒಂದೇ ಪುಡಿಯನ್ನು ಅಳೆದು ಉತ್ತರ ಕಳಿಸಬೇಕು. ಯಾರ ಉತ್ತರ ಯಾವುದು ಎಂದು ಹೇಳುವುದಿಲ್ಲ, ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಸಂಖ್ಯೆ. ಸಭೆಯಲ್ಲಿ ಗೋಡೆಯ ಮೇಲೆ ಸಂಖ್ಯೆ ಬರೆದ ಚುಕ್ಕೆಗಳನ್ನು ತೋರಿಸುತ್ತಾರೆ. ನಿನ್ನ ಚುಕ್ಕೆ ಎಲ್ಲಿ ಬಿದ್ದಿದೆ ಎಂದು ನಿನಗೆ ಗೊತ್ತು, ಪಕ್ಕದವನಿಗೆ ಗೊತ್ತಿಲ್ಲ. ಎಲ್ಲರೂ ಮುಖ ಗಂಟು ಹಾಕಿಕೊಂಡು ತಮ್ಮ ಚುಕ್ಕೆಯನ್ನು ಬಿಟ್ಟು ಬೇರೆ ಚುಕ್ಕೆಗಳನ್ನೇ ದಿಟ್ಟಿಸುತ್ತಿರುತ್ತಾರೆ, ನೋಡಲು ಭಾರಿ ಮಜಾ.

ಸಭೆಗೆ ಐದು ದಿನ ಮೊದಲು ನಡೆದದ್ದು ನಿನಗೂ ಗೊತ್ತು, ಸುನ್ನಿವಾ ನಿನಗೂ ಫೋನ್ ಮಾಡಿದ್ದಳಲ್ಲ. ಬಾಟಲಿಯ ಮುಚ್ಚಳ ತೆಗೆಯುವಾಗ ಬೆರಳು ಕೊಯ್ದುಕೊಂಡು, ಆ ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಚೆಲ್ಲಿಕೊಂಡಳು. ಕೈಗವಸು ಹಾಕಿರಲಿಲ್ಲ, ಅದನ್ನೂ ಒಪ್ಪಿಕೊಂಡಳು. ರಕ್ತ ತಾಗಿದರೆ ಅದರಿಂದ ಬುರಬುರನೆ ಬಿಳಿ ನೊರೆ ಬರಬೇಕು. ಒಂದು ಗುಳ್ಳೆಯೂ ಏಳಲಿಲ್ಲ. ಬಾಟಲಿಯನ್ನು ಬೇಸಿಗೆಯಲ್ಲಿ ಕಿಟಕಿಯ ಪಕ್ಕ ಬಿಸಿಲಿಗೆ ಬಿಟ್ಟವಳು ಅವಳೇ, ಅದು ಸತ್ವ ಕಳೆದುಕೊಂಡು ನೀರಾಗಿತ್ತು. ಅದರಿಂದ ಏನಾಯಿತು ಎಂದು ನೀನು ಕೇಳಲಿಲ್ಲವಂತೆ, ನಾನು ಕೇಳಿದೆ. ಬರಿಮೈಯ ಎರಡು ರೂಪಗಳಲ್ಲಿ ಒಂದು ಯಂತ್ರದಿಂದ ಬೇಗ ಹೊರಬರುತ್ತದೆ, ಆ ಸಾಧು ರೂಪಗಳ ಗುಂಪಿನ ಜೊತೆಯಲ್ಲೇ. ದೋಣಿಕಟ್ಟೆಯ ಸಾಲಿನಲ್ಲಿ ಟಿಕೆಟ್ ಇಲ್ಲದವನು ಶಾಲೆಯ ಮಕ್ಕಳ ನಡುವೆ ನುಸುಳುವ ಹಾಗೆ. ಪೆರಾಕ್ಸೈಡ್ ಹಾಕಿದರೆ ಅದು ತನ್ನ ಅಣ್ಣನ, ಅಂದರೆ ಆ ಇನ್ನೊಂದು ವಿಷದ ರೂಪಕ್ಕೆ ತಿರುಗಿ ತಡವಾಗಿ, ಒಂಟಿಯಾಗಿ ಬರುತ್ತದೆ, ಸಿಕ್ಕಿಬೀಳುತ್ತದೆ. ಬಾಟಲಿ ಸತ್ತಿದ್ದರಿಂದ ಅವಳ ಉತ್ತರದಲ್ಲಿ ಅರ್ಧ ವಿಷ ಕಾಣಿಸಿಕೊಳ್ಳಲೇ ಇಲ್ಲ. ಆ ಉತ್ತರವನ್ನು ಅವಳು ಆಗಲೇ ಕಳಿಸಿಯಾಗಿತ್ತು.

ಕಾಯಂ ಹುದ್ದೆಯ ಸಂದರ್ಶನ ಮುಗಿದು ಎರಡೇ ವಾರ. ಅವಳು ಮತ್ತು ಒಬ್ಬ ಡೇನಿಶ್ ಹುಡುಗ, ಇಬ್ಬರಲ್ಲಿ ಒಬ್ಬರಿಗೆ. ಸಹಿ ಬೀಳುವವರೆಗೆ ತೆಪ್ಪಗಿರು ಎಂದು ನೀನು ಹೇಳಿದೆಯಂತೆ. ಅವಳ ಮೇಲಧಿಕಾರಿ ಟೊರ್‌ಗೈರ್ ಕೂಡ, ಗುಟ್ಟಿನ ಸಂಖ್ಯೆ ಇರುವುದು ಇದಕ್ಕೇ ಅಲ್ಲವೇ, ಮುಂದಿನ ಸಲ ಸರಿ ಮಾಡಿದರಾಯಿತು ಎಂದನಂತೆ. ನಿಮ್ಮಿಬ್ಬರನ್ನು ಬೈಯುವ ಹಕ್ಕು ನನಗಿಲ್ಲ. ಸಭೆಯ ದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನಾನೂ ಅದನ್ನೇ ಅಂದೆ. "ಹತ್ತು ವರ್ಷ ಕಾದಿದೀಯ, ಇನ್ನೊಂದು ವಾರ ಬಾಯಿ ಮುಚ್ಕೊಂಡಿರೋಕೆ ಏನು ಕಷ್ಟ ನಿಂಗೆ?" ಎಂದೆ. ಅವಳು ನನ್ನ ರೊಟ್ಟಿಯ ಮೇಲೆ ಕಂದು ಚೀಸ್ ಕೊಯ್ದು ಇಟ್ಟಳು, ನಾನು ಮಗು ಎನ್ನುವ ಹಾಗೆ. ನನಗೆ ನಾಚಿಕೆಯಾಗಬೇಕಿತ್ತು, ಆಗ ಆಗಲಿಲ್ಲ.

ಸಭೆಯಲ್ಲಿ ನನ್ನನ್ನು ಎರಡನೆಯ ಸಾಲಿನಲ್ಲಿ ಕೂರಿಸಿದರು. ಇಂಗ್ಲಿಷ್ ನನಗೆ ಅರ್ಧಂಬರ್ಧ, ಆದರೆ ಗೋಡೆಯ ಚುಕ್ಕೆಗಳು ಎಲ್ಲ ಭಾಷೆಯಲ್ಲೂ ಒಂದೇ. ಹೆಚ್ಚಿನವು ಮೇಲೆ ಒಟ್ಟಾಗಿದ್ದವು, ನಾಲ್ಕು ಮಾತ್ರ ಕೆಳಗೆ ಬಿದ್ದಿದ್ದವು. ಪರೀಕ್ಷೆ ನಡೆಸಿದ ಬೆಲ್ಜಿಯಮ್ಮಿನವನು ತಲೆ ಕೆರೆದುಕೊಂಡು, ನಾಲ್ಕು ಪ್ರಯೋಗಾಲಯಗಳು ಒಟ್ಟಿಗೆ ತಪ್ಪುವುದು ವಿಚಿತ್ರ, ಬಹುಶಃ ಪುಡಿಯೇ ಸರಿಯಾಗಿ ಬೆರೆತಿಲ್ಲ, ಇಡೀ ಸುತ್ತನ್ನು ಕೈಬಿಡುವುದು ಒಳ್ಳೆಯದು ಎಂದ. ಒಂದು ವರ್ಷದ ಕೆಲಸ, ಇಪ್ಪತ್ತಾರು ಮನೆಗಳದ್ದು. ಪುಡಿ ಎನ್ನುವ ಪದ ಬಂದಾಗ ಕೆಲವರು ತಿರುಗಿ ನನ್ನನ್ನು ನೋಡಿದರು. ನನ್ನ ಕಿವಿ ಬಿಸಿಯಾಯಿತು. ಏನು ಹೇಳಲಿ, ನಾನು ಒಣಗಿಸಿದ್ದರಲ್ಲಿ ಒಂದು ಮರಳಿನ ಕಾಳೂ ಇರಲಿಲ್ಲ.

ಆಗ ಸುನ್ನಿವಾ ಎದ್ದು ನಿಂತಳು. ಮೈಕ್ ಕೇಳಲಿಲ್ಲ, ವೇದಿಕೆಗೂ ಹೋಗಲಿಲ್ಲ. "ಪುಡಿ ಚೆನ್ನಾಗೇ ಇದೆ. ಹದಿನೇಳು ಅಂದ್ರೆ ನಾವು. ಪೆರಾಕ್ಸೈಡ್ ಸತ್ತೋಗಿತ್ತು, ಬಿಸಿಲಿಗೆ ಬಿಟ್ಟಿದ್ದು ನಾನೇ. ಹೊಸ ಬಾಟಲಿಯಲ್ಲಿ ಮತ್ತೆ ಮಾಡ್ದೆ, ಮೇಲಿನ ಗುಂಪಿಗೆ ಬಂತು," ಎಂದಳು. ಅಷ್ಟೇ. ಕುಳಿತುಕೊಳ್ಳಲೂ ಇಲ್ಲ, ನಿಂತೇ ಇದ್ದಳು, ಅವಳ ಕುತ್ತಿಗೆ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ಟೊರ್‌ಗೈರ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಆಮೇಲೆ ಮುಂದಿನ ಸಾಲಿನಿಂದ ಸ್ಪೇನಿನ ಒಬ್ಬ ಹಿರಿಯಾಕೆ ನಿಧಾನವಾಗಿ ತಿರುಗಿದಳು, ಕೊವಡೊಂಗಾ ಎಂದು ಹೆಸರು. ಈ ವಿದ್ಯೆಯನ್ನು ಅರ್ಧ ಸಭೆಗೆ ಕಲಿಸಿದವಳು ಅವಳೇ ಅಂತೆ, ಎಲ್ಲರೂ ಅವಳಿಗೆ ಹೆದರುತ್ತಾರೆ. ಬಾಟಲಿ ತೆರೆದು ಎಷ್ಟು ದಿನ ಆಗಿತ್ತು ಎಂದು ಕೇಳಿದಳು. ನಾಲ್ಕು ತಿಂಗಳು ಎಂದಳು ನಮ್ಮವಳು. ಆಕೆ ಕನ್ನಡಕ ತೆಗೆದು ಒರೆಸಿಕೊಂಡು, "ಹನ್ನೊಂದು ನಮ್ದು. ನಮ್ಮ ಬಾಟಲಿಗೆ ಎಷ್ಟು ವಯಸ್ಸಾಗಿದೆ ಅಂತ ನಾನು ಕೇಳೇ ಇಲ್ಲ," ಎಂದಳು. ಉಳಿದೆರಡು ಚುಕ್ಕೆಯವರು ಬಾಯಿ ಬಿಡಲಿಲ್ಲ, ಯಾರು ಎಂದು ಇವತ್ತಿಗೂ ತಿಳಿಯದು. ಆದರೆ ಪರೀಕ್ಷೆ ಉಳಿಯಿತು. ಜನ ಚಪ್ಪಾಳೆ ತಟ್ಟುತ್ತಾರೆ ಎಂದು ನಾನು ಕೈ ಮೇಲೆತ್ತಿದ್ದೆ, ಯಾರೂ ತಟ್ಟಲಿಲ್ಲ. ಬದಲಿಗೆ ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳತೊಡಗಿದರು, ಕಾಫಿ ತಣ್ಣಗಾಗುವವರೆಗೂ ಅವಳನ್ನು ಬಿಡಲಿಲ್ಲ. ಕೆಲಸ ಶುರು ಮಾಡುವ ದಿನ ಪೆರಾಕ್ಸೈಡಿನ ಸತ್ವ ಪರೀಕ್ಷಿಸಿಕೊಳ್ಳಬೇಕು ಎಂಬ ಒಂದು ಸಾಲನ್ನು ಇಪ್ಪತ್ತಾರೂ ಮಂದಿ ತಮ್ಮ ವಿಧಾನಕ್ಕೆ ಸೇರಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಆ ಸಾಲಿನಲ್ಲಿ ಅವಳ ಹೆಸರಿರುವುದಿಲ್ಲ. ಇಲ್ಲದಿದ್ದರೇನು, ನನಗೆ ಗೊತ್ತಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ, ನನ್ನ ಪುಡಿಯ ಮಾನ ಉಳಿಸಲು ಎದ್ದೆಯಾ ಎಂದು. ನನ್ನ ಆಸೆ ನೋಡು. ಅವಳು ನಕ್ಕು, "ಅದೂ ಹೌದು ಅನ್ಕೋ," ಎಂದಳು. ಆಮೇಲೆ ಅಂದಳು, "ನಾಳೆ ಇನ್ಯಾರೋ ಯಾವುದೋ ಮಗುವಿನ ಗಂಜಿ ಅಳೀತಾರೆ ಅಮ್ಮ. ನನ್ನ ಥರಾನೇ, ಕಮ್ಮಿ ಬಂತು ಅಂತ ಖುಷಿಪಟ್ಕೊಂಡು ಮನೆಗೆ ಹೋಗ್ತಾರೆ." ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಅಳು ಬಂತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಇವಳನ್ನು ಹೆತ್ತವಳು ನಾನು ಎಂದು ಬಸ್ಸಿನಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕು ಎನಿಸಿತು. ಹೇಳಲಿಲ್ಲ, ನಮ್ಮ ಜನ ಗೊತ್ತಲ್ಲ, ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಾರೆ.

ಊರಿನಲ್ಲಿ ಸುದ್ದಿ ಹಬ್ಬಿದೆ, ಹಬ್ಬಿಸಿದವಳು ನಾನೇ. ಅಂಗಡಿಯವಳಿಗೆ ಎರಡು ಸಲ ಹೇಳಿದೆ. ಅವಳು ಪಾಪ ಆರ್ಸೆನಿಕ್ ಎಂಬ ಪದ ಕೇಳಿದ್ದೇ ನನ್ನ ಪಾಚಿಯ ಪೊಟ್ಟಣವನ್ನು ಕಪಾಟಿನ ಹಿಂದಕ್ಕೆ ಸರಿಸಿದಳು. ಆ ಪೊಟ್ಟಣದಲ್ಲಿರುವುದು ಬೇರೆ ಜಾತಿ, ಸಾಧು ಜಾತಿ ಎಂದು ವಿವರಿಸಲು ಮಧ್ಯಾಹ್ನವೆಲ್ಲ ಹೋಯಿತು. ರೂಪ ಮುಖ್ಯ, ಒಟ್ಟು ಅಲ್ಲ ಎಂದು ನಾನು ಬೆರಳೆತ್ತಿ ಭಾಷಣ ಮಾಡುವುದನ್ನು ನೀನು ನೋಡಬೇಕಿತ್ತು.

ಭುಜ ನೋಡಿಕೋ. ಕೇಂದ್ರದ ಅಡುಗೆಯವನಿಗೆ ನನ್ನ ನೆನಪು ಹೇಳು, ದೇವರು ನಿಮ್ಮೆಲ್ಲರನ್ನೂ ಆ ಗಾಳಿಯಿಂದ ಕಾಪಾಡಲಿ.

ನಿನ್ನ ಅಮ್ಮ,
ಗುನ್‌ವೋರ್

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಕೆಲಸ ಆ ಡೇನಿಶ್ ಹುಡುಗನಿಗೆ ಹೋಯಿತು. ಸೋಮವಾರ ಅವಳು ಫೋನ್ ಮಾಡಿ ಹೇಳಿದಳು. ಆ ಚುಕ್ಕೆಯಿಂದಲೇ ಹೋಯಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ, ಟೊರ್‌ಗೈರ್ ಅಲ್ಲ ಅನ್ನುತ್ತಾನೆ. ಅವಳಿಗೆ ಮಾರ್ಚಿನವರೆಗೆ ಮಾತ್ರ ಕೆಲಸ. ಭಾನುವಾರ ಅವಳಿಗೆ ಫೋನ್ ಮಾಡು. ನಾನು ಆಗಲೇ ಹೇಳಿರಲಿಲ್ವಾ ಎಂದು ಮಾತ್ರ ಅನ್ನಬೇಡ. ಇದನ್ನು ತಿಳಿದುಕೊಂಡು ಮೇಲಿನದನ್ನು ಇನ್ನೊಮ್ಮೆ ಓದು ಹಾಲ್ವಾರ್ಡ್. ನಾನು ಅಷ್ಟನ್ನೂ ಬರೆದದ್ದು ಇದನ್ನು ತಿಳಿದುಕೊಂಡೇ.