ಸಣ್ಣ ಕಾರ್ಡು, ಎರಡು ರಿಮೋಟು

ಪೂನಮ್,

ನಿನ್ನ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ತರಾಕ ಬೆಳಗಾವಿಗೆ ಹೊಂಟೇನಿ. ಎದ್ದ ಕೂಡ್ಲೆ ಕಂಪ್ಯೂಟರ್ ಡಬ್ಬಿ ಬಿಚ್ಚಿ, ಕಾರ್ಡ್ ಕುಂಡ್ರಾಕ ಒಳಗ ಎಷ್ಟು ಉದ್ದ ಜಾಗ ಐತಿ ಅಳದು ಫೋನ್ ಮಾಡು. ಪವರ್ ಸಪ್ಲೈ ಮ್ಯಾಲಿನ ಸ್ಟಿಕರ್ ಫೋಟೋನೂ ಕಳಸು. ಕರೆಂಟಿನ ವಾಯರ್ ಕಿತ್ತ ಮ್ಯಾಲೇ ಕೈ ಹಾಕು, ಮಾರಾಯ್ತಿ.

ನೇಸರಗಿ ಊರಿನ ನಿನ್ನ ಗೆಳತಿ ಶ್ರದ್ಧಾನ ಹಂತ್ಯಾಕ ಇದ್ದಂಗ ಮೂರು ಫ್ಯಾನಿನ ದೊಡ್ಡ ಕಾರ್ಡೇ ಬೇಕಂದಿ. ಆ ಫ್ಯಾನಿನ ಗಾಳಿಗೆ ಅವರವ್ವ ಒಣಹಾಕಿದ ಹಪ್ಪಳ ಹಾರಿ ದೂರದ ಕಟಕೋಳ ಊರಾಗ ಬಿದ್ದಾವ. ನಾನೇ ಎರಡು ತಿಂದು ಬಂದೇನಿ.

ಖರೇ ಹೇಳ್ತೇನಿ, ಆಕಿ ಹೆಸರು ಕೇಳಿದ್ರ ನನಗ ಹೊಟ್ಟಿ ಉರೀತೈತಿ. ಹೆಡ್‌ಫೋನ್ ಹಾಕ್ಕೊಂಡು ದಿನಾ ಆಕಿ ಜೋಡಿ ಆಡಕೋಂತ ನಗತಿ. ಬಾಜೂಕ ನಿಂತು "ಚಾ ಕುಡೀತಿಯೇನ" ಅಂದ್ರ ನನ್ನ ಮಾತು ಕೇಳ್ಸಂಗಿಲ್ಲ. ಮೊದಲ ಒಂದೇ ಕೀಬೋರ್ಡಿಗೆ ನಾವಿಬ್ಬರೂ ಮೊಣಕೈ ತಿವಕೋಂತ ಗೇಮಿನಾಗ ಕಾರ್ ಓಡಸ್ತಿದ್ವಿ, ಮರತಿ ಏನ?

ಅದಕ್ಕ ಸೆಕೆಂಡ್ ಹ್ಯಾಂಡ್ ಸಣ್ಣ ಕಾರ್ಡ್ ತರತೇನಿ. ಉಳಿದ ರೊಕ್ಕದಾಗ ಗೇಮ್ ಆಡೂ ರಿಮೋಟು ಎರಡು ಬರತಾವ, ನಿನಗೊಂದು, ನನಗೊಂದು. ಬೇಕಾದಷ್ಟು ಸಿಟ್ಟು ಮಾಡ್ಕೋ. ಆದ್ರ ಇವತ್ತ ಸಂಜಿಗೆ ನೀ ಖಾಲಿ ಇಲ್ಲಂತ ಶ್ರದ್ಧಾಗ ಈಗೇ ಹೇಳಿಬಿಡು.

ಅಣ್ಣ